ಅನಾಥ ಮಕ್ಕಳ ಕೈಗೆ ರೇಡಿಯೊ: ದಾನವೋ, ದಾಸೋಹವೋ?



ತಂದೆತಾಯಿ ಇಲ್ಲದ ಕೂಸು ಹಸಿದು ಬಾಗಿಲಿಗೆ ಬಂದರೆ ರೊಟ್ಟಿ ಕೊಡಬೇಕೆಂದು ನಮಗೆ ಯಾರೂ ಹೇಳಬೇಕಿಲ್ಲ. ಆದರೆ ಅದೇ ಕೂಸಿನ ಕೈಗೆ ಒಂದು ರೇಡಿಯೊ ಕೊಟ್ಟರೆ ಹೇಗೆ? ಹಸಿದವನಿಗೆ ಹಾಡು ಕೇಳಿಸಿದಂತಾಯಿತು ಎಂದು ನಗುವವರೇ ಹೆಚ್ಚು. ಅನ್ನ ನೀಡುವುದು ಪುಣ್ಯ, ಸುದ್ದಿ ಕೇಳಿಸುವುದು ಹೊತ್ತು ಕಳೆಯುವ ಮಾತು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಇದು ಸರಿಯೇ ಎಂಬುದನ್ನು ದೂರದ ಒಂದು ದೇಶದ ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಆಫ್ರಿಕಾ ಖಂಡದಲ್ಲಿ ರುವಾಂಡಾ ಎಂಬ ಗುಡ್ಡಗಾಡಿನ ಸಣ್ಣ ದೇಶವಿದೆ. ಒಕ್ಕಲುತನವನ್ನೇ ನಂಬಿದ ಜನ. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳ ಕಾಲ ಅಲ್ಲಿ ನಡೆದ ನರಮೇಧದಲ್ಲಿ 8 ಲಕ್ಷದಷ್ಟು ಜನ ಹತರಾದರು. ಸತ್ತವರಲ್ಲಿ ಬಹುಪಾಲು ಟುಟ್ಸಿಗಳು. ಅದರ ಜೊತೆಗೆ ಏಡ್ಸ್ ರೋಗದ ಹಾವಳಿ ಬೇರೆ. ಎಷ್ಟೋ ಮನೆಗಳಲ್ಲಿ ಯಜಮಾನಿಕೆ ಇನ್ನೂ ಆಡುವ ವಯಸ್ಸಿನ ಹುಡುಗಿಯರ, ಹುಡುಗರ ತಲೆಗೆ ಬಂತು. ತಮ್ಮ-ತಂಗಿಯರಿಗೆ ಉಣಿಸುವವರು ಅವರೇ, ಹೊಲಕ್ಕೆ ಹೋಗುವವರೂ ಅವರೇ.

ಇಂಥ ಮನೆಯಲ್ಲಿ ಇಲ್ಲವಾದದ್ದು ಬರೀ ದುಡಿಯುವ ಕೈಯಲ್ಲ, ಹೇಳುವ ಬಾಯಿಯೂ ಹೌದು. ಬೀಜ ಯಾವಾಗ ಹಾಕಬೇಕು, ಜ್ವರ ಬಂದ ಕೂಸಿಗೆ ಏನು ಕುಡಿಸಬೇಕು, ನೀರು ಏಕೆ ಕಾಯಿಸಬೇಕು, ಅಪ್ಪನ ಹೊಲ ತನ್ನದೆಂದು ಯಾರ ಮುಂದೆ ನಿಂತು ಹೇಳಬೇಕು? ನಮ್ಮ ಮನೆಗಳಲ್ಲಿ ಇದನ್ನೆಲ್ಲ ಅಜ್ಜಿ ಒಲೆಯ ಮುಂದೆ, ಅಜ್ಜ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ. ಯಾರೂ ಉಳಿಯದ ಮನೆಗೆ ಇದನ್ನು ಹೇಳುವವರು ಯಾರು?

1991ರಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್ ಎಂಬವರು ಆಫ್ರಿಕಾದ ಏಡ್ಸ್ ಹಾವಳಿಯನ್ನು ಕುರಿತ ಒಂದು ಟಿ.ವಿ. ಕಾರ್ಯಕ್ರಮ ನೋಡಿದರು. ರೋಗದ ತಿಳಿವಳಿಕೆ ಹಳ್ಳಿಗಳಿಗೆ ಮುಟ್ಟಬೇಕಾದರೆ ರೇಡಿಯೊ ಬೇಕು. ಆದರೆ ಅಲ್ಲಿ ಕರೆಂಟಿಲ್ಲ, ಸೆಲ್ಲು ಕೊಳ್ಳಲು ಬಡವರಿಗೆ ಶಕ್ತಿಯಿಲ್ಲ. ಹಿಡಿಕೆ ತಿರುಗಿಸಿದರೆ ಮಾತಾಡುವ ರೇಡಿಯೊವನ್ನು ಅವರು ಕಟ್ಟಿದರು. ಅವರ ಮೊದಲ ಮಾದರಿ ಎರಡು ನಿಮಿಷ ತಿರುಗಿಸಿದರೆ 14 ನಿಮಿಷ ನುಡಿಯುತ್ತಿತ್ತು. 1998ರಲ್ಲಿ ಹುಟ್ಟಿದ ಫ್ರೀಪ್ಲೇ ಫೌಂಡೇಶನ್ ಎಂಬ ಸಂಸ್ಥೆ 2003ರಲ್ಲಿ ‘ಲೈಫ್‌ಲೈನ್’ ಎಂಬ ರೇಡಿಯೊವನ್ನು ಮಕ್ಕಳಿಗಾಗಿಯೇ ಹೊರತಂದಿತು. ಹಿಡಿಕೆಯಿಂದಲೂ ನಡೆಯುತ್ತದೆ, ಬಿಸಿಲಿನಿಂದಲೂ ನಡೆಯುತ್ತದೆ. ರುವಾಂಡಾದ ಅನಾಥ ಮಕ್ಕಳ ಮನೆಗಳಿಗೂ ಅದನ್ನು ಹಂಚಲಾಯಿತು.

ಇಲ್ಲಿ ವ್ಯಾಪಾರಸ್ಥರಾದ ಭಕ್ತರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೆಲ್ಲು ಬೇಡುವ ರೇಡಿಯೊವನ್ನು ಬಡ ಮಗುವಿಗೆ ಕೊಡುವುದೆಂದರೆ ಮೇವಿಲ್ಲದ ಮನೆಗೆ ಎಮ್ಮೆ ಕೊಟ್ಟಂತೆ. ಕೊಟ್ಟವನಿಗೆ ಒಮ್ಮೆ ಹೆಸರು ಬರುತ್ತದೆ. ಪಡೆದವನಿಗೆ ತಿಂಗಳು ತಿಂಗಳು ಖರ್ಚು ಬರುತ್ತದೆ. ಆಮೇಲೆ ಅವನು ಮತ್ತೆ ಕೊಟ್ಟವನ ಬಾಗಿಲಿಗೇ ಬರಬೇಕು. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇದೇ ಎಂದು ನಾವು ತಿಳಿಯುತ್ತೇವೆ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ದಾಸನಾಗುತ್ತಾನೆ, ಪಡೆದವನು ಸ್ವತಂತ್ರನಾಗುತ್ತಾನೆ. ಹಿಡಿಕೆ ಮಗುವಿನ ಕೈಯಲ್ಲಿದ್ದರೆ ಯಾವಾಗ ಕೇಳಬೇಕು, ಎಷ್ಟು ಕೇಳಬೇಕು ಎಂಬುದೂ ಮಗುವಿನದೇ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಅನ್ನ, ಅಕ್ಷರ, ಆಶ್ರಯ ಮೂರನ್ನೂ ದಾಸೋಹವೆಂದೇ ಕರೆಯುತ್ತಾರೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅಕ್ಷರವನ್ನು ಅನ್ನದ ಪಂಕ್ತಿಯಲ್ಲೇ ಕೂಡಿಸಿದ್ದರು. ಶಾಲೆ ಬಿಟ್ಟು ತಮ್ಮನನ್ನು ಸಾಕುವ ಹುಡುಗಿಗೆ ಅಕ್ಷರ ಕಣ್ಣಿನಿಂದ ಬರಲಾರದು, ಕಿವಿಯಿಂದ ಬರಬೇಕು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜನಕ್ಕೆ ಅವರದೇ ನುಡಿಯಲ್ಲಿ ಅರಿವು ಹಂಚಿದ್ದೂ ಹೀಗೆಯೇ ಅಲ್ಲವೇ?

ಗಡಿಯ ನಮಗೆ ಇದು ಹೊಸ ಮಾತೂ ಅಲ್ಲ. ಕಚೇರಿಯ ಕಾಗದ ಬೇರೆ ಭಾಷೆಯಲ್ಲಿ ಬರುವ ಸೀಮೆಯಲ್ಲಿ ಧಾರವಾಡ, ಕಲಬುರಗಿ ಆಕಾಶವಾಣಿ ಕೇಳಿ ಬಿತ್ತನೆ, ಮಳೆ, ಪೇಟೆಯ ಮಾತು ತಿಳಿದುಕೊಂಡ ಹಿರಿಯರು ನಮ್ಮಲ್ಲಿ ಇದ್ದಾರೆ. ಗಾಳಿಯಲ್ಲಿ ಬರುವ ದನಿಯನ್ನು ಯಾವ ಗಡಿ ಗೆರೆಯೂ ತಡೆಯಲಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಅದು ಅರ್ಧ ಸತ್ಯವಾದೀತು. ರುವಾಂಡಾದಲ್ಲಿ ಕೊಲೆಗೆ ಕುಮ್ಮಕ್ಕು ಕೊಟ್ಟದ್ದೂ ರೇಡಿಯೊ. 1993ರಲ್ಲಿ ಆರಂಭವಾದ ಆರ್.ಟಿ.ಎಲ್.ಎಂ. ಎಂಬ ಕೇಂದ್ರ ನೆರೆಹೊರೆಯವರನ್ನು ಜಿರಳೆಗಳೆಂದು ಕರೆದು, ಕೊಲ್ಲಿರೆಂದು ಪ್ರಚೋದಿಸಿತು. ಅದನ್ನು ನಡೆಸಿದವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಶಿಕ್ಷೆಯ ಅವಧಿ ತಗ್ಗಿತೇ ಹೊರತು ಅವರು ನಿರ್ದೋಷಿಗಳಾಗಲಿಲ್ಲ. ತಂದೆತಾಯಿಯನ್ನು ಕೊಲ್ಲಿಸಿದ ಪೆಟ್ಟಿಗೆಯನ್ನೇ ಮಗುವಿನ ಕೈಗೆ ಕೊಡಬಹುದೇ?

ಕೊಡಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಪೆಟ್ಟಿಗೆ ಕೊಟ್ಟವನ ಹೊಣೆ ಅಲ್ಲಿಗೆ ತೀರುವುದಿಲ್ಲ, ಅದರಿಂದ ಬರುವ ಮಾತಿನ ಹೊಣೆಯೂ ಅವನ ಮೇಲಿದೆ. ಬೀಜ ಮಾರಿದ ಅಂಗಡಿಯವನು ‘ಮೊಳಕೆ ನನಗೆ ಸಂಬಂಧವಿಲ್ಲ’ ಎಂದರೆ ರೈತ ಒಪ್ಪುತ್ತಾನೆಯೇ? ಇನ್ನೊಂದು ಮಾತು: ಯಾವ ದನಿಯನ್ನು ಕೇಳಿದರೂ ಅದನ್ನು ಪ್ರಶ್ನಿಸುವ ಅಭ್ಯಾಸ ಕೇಳುವವರಲ್ಲಿ ಬೆಳೆಯಬೇಕು. ಇದು ಬರೀ ಆಸೆಯ ಮಾತಲ್ಲ.

2004ರಲ್ಲಿ ಅಲ್ಲಿ ‘ಮುಸೆಕೆವೆಯಾ’ ಎಂಬ ಬಾನುಲಿ ನಾಟಕ ಆರಂಭವಾಯಿತು. ಹಾಗೆಂದರೆ ಹೊಸ ಬೆಳಗು. ಹಗೆ ಕಟ್ಟಿಕೊಂಡ ಎರಡು ಹಳ್ಳಿಗಳ ಕಥೆ. ಎಲಿಜಬೆತ್ ಪಾಲಕ್ ಎಂಬ ಅಮೆರಿಕದ ಮನೋವಿಜ್ಞಾನಿ ಇದನ್ನು ವರ್ಷವಿಡೀ ಕೇಳಿದ ಗುಂಪುಗಳನ್ನೂ, ಬರೀ ಆರೋಗ್ಯದ ನಾಟಕ ಕೇಳಿದ ಗುಂಪುಗಳನ್ನೂ ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರ ಒಳಗಿನ ನಂಬಿಕೆ ಹೆಚ್ಚೇನೂ ಬದಲಾಗಿರಲಿಲ್ಲ. ನಮ್ಮ ನಡುವೆ ಯಾವ ನಡತೆ ತಕ್ಕದ್ದು ಎಂಬ ತಿಳಿವಳಿಕೆ ಮಾತ್ರ ಬದಲಾಗಿತ್ತು. ಕಡೆಗೆ ಪ್ರತಿ ಗುಂಪಿಗೂ ಒಂದು ಕ್ಯಾಸೆಟ್ ಪ್ಲೇಯರನ್ನು ಕಾಣಿಕೆಯಾಗಿ ಕೊಟ್ಟರು. ಅದನ್ನು ಯಾರು ಇಟ್ಟುಕೊಳ್ಳಬೇಕು? ಆರೋಗ್ಯದ ನಾಟಕ ಕೇಳಿದವರು ಹೆಚ್ಚಾಗಿ ಊರಿನ ಅಧಿಕಾರಿಯ ವಶಕ್ಕೆ ಇರಲಿ ಎಂದು ಸುಮ್ಮನಾದರು. ಮುಸೆಕೆವೆಯಾ ಕೇಳಿದವರಲ್ಲಿಯೂ ಮೊದಲು ಅದೇ ಸೂಚನೆ ಬಂತು. ಆದರೆ ಯಾರೋ ಎದ್ದು ಒಪ್ಪುವುದಿಲ್ಲ ಎಂದರು, ಚರ್ಚೆ ನಡೆಯಿತು, ನಾವೇ ಕೂಡಿ ನೋಡಿಕೊಳ್ಳೋಣ ಎಂಬ ಮಾತು ಮೇಲಾಯಿತು.