ವರದಿಯಲ್ಲಿಲ್ಲದ ನೋವು

ಕಾಕ್ಕನಾಡಿಗೆ ಬಂದು ಎರಡು ವರ್ಷ. ಕಾಲುನೋವಿಗೂ ಅಷ್ಟೇ ವಯಸ್ಸು. ‘ಕಾಲು’, ‘ನೋವು’ ಎರಡೂ ಮಲಯಾಳಿಗಳಿಗೂ ಅರ್ಥವಾಗುವ ಪದಗಳು, ಹೇಳಿಕೊಳ್ಳಲು ತೊಡಕಿಲ್ಲ. ಆದರೆ ರಕ್ತಪರೀಕ್ಷೆ, ಎಂಆರ್‌ಐ ಎಲ್ಲವೂ ‘ನಾರ್ಮಲ್’. ಪ್ರತಿ ಸಲವೂ ಸಮಾಧಾನಕ್ಕಿಂತ ಮೊದಲು ನಿರಾಸೆಯಾಗುತ್ತದೆ. ನನಗೆ ಬೇಕಿರುವುದು ಗುಣವೋ, ಸಾಕ್ಷಿಯೋ?

ನೋವಿದೆ ಎಂದವರ ಮಾತನ್ನು ಗೌರವಿಸಬೇಕು ಎಂದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನದ ಜೊತೆಗೇ ಬರೆದಿದೆ. ಆಫೀಸಿನವರು ಇದನ್ನು ಓದಬೇಕು ಅಂದುಕೊಂಡೆ. ಆಮೇಲೆ ಅಮ್ಮ ನೆನಪಾದಳು. ಅವಳು ಮಂಡಿ ಹಿಡಿದು ಕೂತಾಗಲೆಲ್ಲ ನಾನು ಕೇಳುತ್ತಿದ್ದುದು ಒಂದೇ: ‘ಡಾಕ್ಟ್ರು ಏನಂದ್ರು?’ ‘ಏನೂ ಇಲ್ವಂತೆ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಕಾರಣ ಹುಡುಕಲು ವೈದ್ಯರಿಗೆ ಪರೀಕ್ಷೆಗಳು ಬೇಕು. ನಂಬಲು ಮಗನಿಗೆ ಯಾವ ವರದಿ ಬೇಕಿತ್ತು? ನಿನ್ನೆ ಫೋನಿನಲ್ಲಿ ಕೇಳಿದೆ: ‘ಎಲ್ಲಿ ನೋಯುತ್ತಮ್ಮ?’ ಅವಳು ಬಹಳ ಹೊತ್ತು ಮಾತಾಡಿದಳು.