ಬೆಟ್ಟಕ್ಕೊಂದು ನೆಪ

ನಮ್ಮ ಅಂಗಡಿಯಲ್ಲಿ ಹೆಂಗಸರು ಬೂಟು ಕೊಳ್ಳುವಾಗ ಹೇಳುವ ಕಾರಣಗಳನ್ನೆಲ್ಲ ಬರೆದಿಟ್ಟಿದ್ದರೆ ಇಷ್ಟು ಹೊತ್ತಿಗೆ ಇನ್ನೂರು ಪುಟದ ನೋಟ್‌ಬುಕ್ಕೊಂದು ತುಂಬಿಹೋಗುತ್ತಿತ್ತು. "ಸಕ್ಕರೆ ಕಾಯಿಲೆ ಕಣಕ್ಕ, ದಿನಾ ನಡೀಲೇಬೇಕು ಅಂದವ್ರೆ ಡಾಕ್ಟ್ರು" ಎನ್ನುವುದು ಮೊದಲನೆಯದು. "ನನ್ನ ಮಗಳದೂ ನಂದೂ ಒಂದೇ ಅಳತೆ, ಅವಳಿಗೇ ತಗೊಳ್ತಿರೋದು" ಎನ್ನುವುದು ಎರಡನೆಯದು. "ಸಿದ್ದರಬೆಟ್ಟಕ್ಕೆ ಹರಕೆ ಐತೆ" ಎನ್ನುವುದು ಮೂರನೆಯದು. ಗಂಡಸರು ಬಂದರೆ ಹೀಗಿಲ್ಲ. ಒಂಬತ್ತನೇ ನಂಬರು ತೋರಿಸಿ ಅನ್ನುತ್ತಾರೆ, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾರೆ, ಒಂದಿಷ್ಟು ಚೌಕಾಸಿ ಮಾಡುತ್ತಾರೆ, ಹೋಗುತ್ತಾರೆ. ಯಾತಕ್ಕೆ ಎಂದು ನಾನು ಅವರನ್ನೂ ಕೇಳುವುದಿಲ್ಲ, ಇವರನ್ನೂ ಕೇಳುವುದಿಲ್ಲ. ಆದರೂ ಕೇಳದ ಪ್ರಶ್ನೆಗೆ ಹೆಂಗಸರು ಮಾತ್ರ ಉತ್ತರ ಕೊಡುತ್ತಾರೆ. ಆ ಉತ್ತರ ನನಗಲ್ಲ, ಮನೆಗೆ ಹೋದ ಮೇಲೆ ಕೇಳುವವರಿಗೆ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಅಂಗಡಿಯಲ್ಲಿ ಒಮ್ಮೆ ಹೇಳಿ ನೋಡಿಕೊಳ್ಳುತ್ತಾರೆ, ಅಷ್ಟೆ.

ನಮ್ಮದು ಮೊದಲು ಕೊಡೆ, ರೈನ್‌ಕೋಟು, ಸ್ಕೂಲ್ ಬ್ಯಾಗು, ಬ್ಯಾಟರಿ ಮಾರುವ ಅಂಗಡಿ. ಶನಿವಾರ ಭಾನುವಾರಗಳಂದು ಬೆಂಗಳೂರಿನಿಂದ ಮಧುಗಿರಿ ಬೆಟ್ಟ ಹತ್ತಲು ಬರುವ ಹುಡುಗ ಹುಡುಗಿಯರು ನೀರಿನ ಬಾಟಲು ಕೇಳಿದರು, ಟೋಪಿ ಕೇಳಿದರು, ಚಪ್ಪಲಿ ಕಿತ್ತುಹೋದವರು ಬೂಟು ಕೇಳಿದರು. ಹೀಗೆ ಒಂದೊಂದಾಗಿ ಹಿಡಿತದ ಅಟ್ಟೆಯ ಬೂಟು, ಬೆನ್ನಿಗೆ ಹಾಕುವ ಚೀಲ, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ, ಮಡಚುವ ಊರುಗೋಲು ಬಂದು ಸೇರಿಕೊಂಡವು. ಈಗ ಸಿರಾದಿಂದ, ಕೊರಟಗೆರೆಯಿಂದ, ಪಾವಗಡದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ನಮ್ಮ ಬೆಟ್ಟವನ್ನು ನೀವು ಕಂಡಿರಬಹುದು. ಇಡೀ ಬೆಟ್ಟ ಒಂದೇ ಬಂಡೆ, ಸಮುದ್ರಮಟ್ಟದಿಂದ 3,900 ಅಡಿಗೂ ಎತ್ತರ. ಕೋಟೆಯ ಬಾಗಿಲುಗಳನ್ನು ದಾಟಿ ಮೇಲೆ ಹೋದಂತೆ ಬರೀ ಇಳಿಜಾರು ಕಲ್ಲು. ಕೆಲವು ಕಡೆ ಹೆಜ್ಜೆಯ ಮುಂಭಾಗ ಮಾತ್ರ ಊರುವಷ್ಟು ಕಡಿದ ಮೆಟ್ಟಿಲು, ಅಲ್ಲಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು. ನೆತ್ತಿಯಲ್ಲಿ ಪಾಳುಬಿದ್ದ ಗೋಪಾಲಸ್ವಾಮಿ ಗುಡಿ. ಈ ಬೆಟ್ಟದ ಬುಡಕ್ಕೆ ಸೊಸೆಯಾಗಿ ಬಂದು, ಮೂವತ್ತು ವರ್ಷ ಸಂಸಾರ ಮಾಡಿ, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿ, ಒಮ್ಮೆಯೂ ಅದನ್ನು ಹತ್ತದ ಹೆಂಗಸರು ನಮ್ಮ ಬೀದಿಯಲ್ಲೇ ಎಷ್ಟೋ ಜನ ಇದ್ದಾರೆ. ಬುಡದಲ್ಲಿರುವ ವೆಂಕಟರಮಣಸ್ವಾಮಿ, ಮಲ್ಲೇಶ್ವರರ ಗುಡಿಗಳಿಗೆ ತಪ್ಪದೆ ಹೋಗುತ್ತಾರೆ. ಅಲ್ಲಿಂದ ಮುಂದಕ್ಕೆ ಹೋಗಲು ದೇವರ ಕಾರಣವೂ ಇಲ್ಲ, ಸೌದೆಯ ಕಾರಣವೂ ಇಲ್ಲ. ಇರುವುದು ಒಂದೇ ಕಾರಣ, ಹೋಗಬೇಕು ಅನ್ನಿಸುತ್ತದೆ ಎಂಬುದು. ಅದನ್ನು ನಮ್ಮಲ್ಲಿ ಕಾರಣ ಎಂದು ಯಾರೂ ಒಪ್ಪುವುದಿಲ್ಲ. ಎಲ್ಲಿಗೆ ಹೋಗಿದ್ದೆ ಎಂದರೆ ಸುಮ್ಮನೆ ಹೋಗಿದ್ದೆ ಎಂದು ಗಂಡಸು ಹೇಳಬಹುದು. ಹೆಂಗಸು ಹೇಳಿದರೆ ಆ "ಸುಮ್ಮನೆ"ಯ ಹಿಂದೆ ಏನೋ ಇದೆ ಎಂದು ಹುಡುಕುತ್ತಾರೆ.

ಎವರೆಸ್ಟ್ ಹತ್ತಹೊರಟ ಜಾರ್ಜ್ ಮ್ಯಾಲರಿ ಎಂಬ ಇಂಗ್ಲಿಷರವನನ್ನು 1923ರಲ್ಲಿ ಪತ್ರಿಕೆಯವರು ಯಾಕೆ ಹತ್ತುತ್ತೀರಿ ಎಂದು ಕೇಳಿದರಂತೆ. ಅದು ಅಲ್ಲಿದೆ, ಅದಕ್ಕೆ ಎಂದನಂತೆ ಅವನು. ಮರುವರ್ಷ ಅದೇ ಬೆಟ್ಟದಲ್ಲಿ ತೀರಿಹೋದ. ಅವನ ಆ ಮಾತನ್ನು ಜಗತ್ತು ನೂರು ವರ್ಷದಿಂದ ದೊಡ್ಡ ತತ್ತ್ವವೆಂದು ಹೇಳಿಕೊಂಡು ಬಂದಿದೆ. ನೀವೇ ಯೋಚಿಸಿ, ನಮ್ಮ "ಸುಮ್ಮನೆ"ಗೂ ಅದಕ್ಕೂ ಏನು ವ್ಯತ್ಯಾಸ? ಅದೇ ಮಾತನ್ನು ಮಧುಗಿರಿಯ ಗೃಹಿಣಿಯೊಬ್ಬಳು ಅತ್ತೆಯ ಮುಂದೆ ಹೇಳಿದರೆ ತತ್ತ್ವವಾಗುವುದಿಲ್ಲ, ತಲೆಹರಟೆಯಾಗುತ್ತದೆ.

ಹಾಗಾದರೆ ನೆಪ ಹೇಳುವುದು ತಪ್ಪೇ? ಇದು ನನ್ನನ್ನು ಬಹಳ ದಿನದಿಂದ ಕಾಡಿರುವ ಪ್ರಶ್ನೆ. ಯಾಕೆಂದರೆ ನಾನು ಬರೀ ಬೂಟು ಮಾರುವುದಿಲ್ಲ. ಆ ನೆಪಗಳಿಗೆ ತಲೆಯಾಡಿಸುವವಳೂ ನಾನೇ.

ಮೊದಲು ನೆಪದ ಪರವಾಗಿ ಹೇಳುತ್ತೇನೆ. ನಮ್ಮ ತಾಯಂದಿರು, ಅಜ್ಜಿಯರು ಹೊರಗಿನ ಗಾಳಿ ಕುಡಿದದ್ದೆಲ್ಲ ನೆಪದಿಂದಲೇ. ಗೊರವನಹಳ್ಳಿ ಲಕ್ಷ್ಮಿಯ ದರ್ಶನ, ದಂಡಿನ ಮಾರಮ್ಮನ ಜಾತ್ರೆ, ಪಾವಗಡದ ಶನಿಮಹಾತ್ಮನ ಪೂಜೆ, ತವರಿನ ಹಬ್ಬ. ಭಕ್ತಿ ಸುಳ್ಳಾಗಿತ್ತು ಎಂದು ನಾನು ಹೇಳುತ್ತಿಲ್ಲ. ಭಕ್ತಿಯ ಜೊತೆಗೇ ದಾರಿಯುದ್ದದ ನಗು, ಮರದ ಕೆಳಗಿನ ಬುತ್ತಿ, ಬಸ್ಸಿನ ಕಿಟಕಿಯ ಗಾಳಿ ಎಲ್ಲ ಸೇರಿಕೊಂಡಿದ್ದವು. ಅಕ್ಕಮಹಾದೇವಿ ಕಾಡುಮೇಡು ದಾಟಿ ಒಂಟಿಯಾಗಿ ಶ್ರೀಶೈಲಕ್ಕೆ ನಡೆದವಳು. ಅವಳಿಗೆ ಚೆನ್ನಮಲ್ಲಿಕಾರ್ಜುನ ನೆಪವಲ್ಲ, ಬದುಕೇ ಆಗಿದ್ದ. ಆದರೆ ಎಲ್ಲರೂ ಅಕ್ಕನಂತೆ ಇರುವುದನ್ನೆಲ್ಲ ಬಿಟ್ಟು ಹೊರಡಲಾಗುವುದಿಲ್ಲ. ಸಂಜೆ ಹಾಲಿನವನು ಬರುವ ಹೊತ್ತಿಗೆ ಮನೆಯಲ್ಲಿರಬೇಕಾದವರಿಗೆ ಒಂದು ಸಣ್ಣ ನೆಪ ಮನೆಯ ಶಾಂತಿಯನ್ನೂ ಉಳಿಸುತ್ತದೆ, ಎರಡು ಗಂಟೆಯ ಆಕಾಶವನ್ನೂ ಕೊಡುತ್ತದೆ. ಯಾರಿಗೂ ಕೇಡಿಲ್ಲದ ಇಂಥ ಸುಳ್ಳನ್ನು ಸುಳ್ಳೆಂದು ಕರೆಯುವುದು ಕಟುಕತನ ಎಂದು ಯಾರಾದರೂ ಹೇಳಿದರೆ ನಾನು ತಕ್ಷಣ ಇಲ್ಲವೆನ್ನಲಾರೆ.

ಆದರೆ ಕೇಡಿಲ್ಲ ಎನ್ನುವ ಮಾತು ಬೆಟ್ಟದ ಮೇಲೆ ನಿಲ್ಲುವುದಿಲ್ಲ. ಬೆಟ್ಟ ಹತ್ತುವವರಿಗೆ ಮೊದಲ ನಿಯಮ ಬೂಟಿನದಲ್ಲ, ಹಗ್ಗದ್ದೂ ಅಲ್ಲ. ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಹಿಂತಿರುಗುತ್ತೇನೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೊರಡಬೇಕು ಎನ್ನುವುದೇ ಆ ನಿಯಮ. ನಮ್ಮ ಸೀಮೆಯ ಗುಡ್ಡಗಳಲ್ಲಿ ಕರಡಿಗಳಿವೆ. ಮಧುಗಿರಿ ಕೊರಟಗೆರೆಗಳ ನಡುವಿನ ತಿಮ್ಲಾಪುರದ ಕಾಡು ಈಗ ವನ್ಯಧಾಮ. ನಸುಕು ಮುಸ್ಸಂಜೆಗಳಲ್ಲಿ ಕರಡಿ ಇಳಿಯುವ ಹೊತ್ತು. ಒಂದು ಹನಿ ಮಳೆ ಬಿದ್ದರೆ ನಮ್ಮ ಏಕಶಿಲೆಯ ಇಳಿಜಾರು ಎಣ್ಣೆ ಸವರಿದ ಕಾವಲಿಯಂತಾಗುತ್ತದೆ. ಕಾಲು ಉಳುಕಿ ಕುಳಿತವಳೊಬ್ಬಳು ಗೊರವನಹಳ್ಳಿಗೆ ಹೋಗುತ್ತೇನೆ ಎಂದು ಹೇಳಿ ಚನ್ನರಾಯನದುರ್ಗಕ್ಕೆ ಹೋಗಿದ್ದರೆ ಅವಳನ್ನು ಹುಡುಕುವವರು ಎಲ್ಲಿ ಹುಡುಕಬೇಕು? ಮನೆಯ ಶಾಂತಿಗೆಂದು ಹೇಳಿದ ಸಣ್ಣ ಸುಳ್ಳು ಅಲ್ಲಿ ಜೀವಕ್ಕೇ ಬರುತ್ತದೆ. ಸತ್ಯ ಹೇಳಬೇಕು ಎಂಬ ನೀತಿಗೆ ಪುಸ್ತಕದಲ್ಲಿ ಎಷ್ಟೋ ಆಧಾರಗಳಿರಬಹುದು. ನನಗೆ ಇದೊಂದೇ ಸಾಕು.

ಇನ್ನೊಂದು ಕಾರಣವನ್ನು ನನಗೆ ತಿಳಿಸಿಕೊಟ್ಟವರು ಪಾವಗಡದ ಕಡೆಯ ಒಬ್ಬ ಹೆಂಗಸು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಪಾರ್ಕು ಎದ್ದಿದೆಯಲ್ಲ. 2018ರಲ್ಲಿ ಶುರುವಾಗಿ ಈಗ 2,050 ಮೆಗಾವ್ಯಾಟಿನದು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತವರಿಗೆ ಅದು ದೊಡ್ಡ ಆಸರೆಯೇ. ಆಕೆ ಮಗಳಿಗೆ ಕಾಲೇಜಿನ ಬ್ಯಾಗು ಕೊಳ್ಳಲು ಬಂದವರು, ಬೂಟುಗಳ ಮುಂದೆ ನಿಂತರು. ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ಹೊಲ ಇದ್ದಾಗ ಪೊದ್ದಿನಿಂದ ಸಾಯಂಕಾಲದವರ್ಗೂ ಹೊರಗೇ ಇರ್ತಿದ್ದೆ ಅಕ್ಕಾ. ಕಳೆ ಕೀಳ್ತಾ ಮಾತು, ಪದ. ಈಗ ದುಡ್ಡು ಬರ್ತದೆ, ನಾನು ಮನೇಲಿರ್ತೀನಿ. ಎಲ್ಲಿಗೆ ಹೋಗ್ಲಿ? ಏನಂತ ಹೇಳಿ ಹೋಗ್ಲಿ?"

ಆ ಮಾತು ನನ್ನ ತಲೆಯಲ್ಲಿ ಇನ್ನೂ ಕುಳಿತಿದೆ. ಹೊಲದ ಕೆಲಸ ಸುಖವೆಂದು ಆಕೆ ಹೇಳಲಿಲ್ಲ. ಬಿಸಿಲಲ್ಲಿ ಬಗ್ಗಿ ಸೊಂಟ ಹೋಗಿತ್ತು ಎಂದೂ ಹೇಳಿದರು. ಆದರೆ ಬಯಲು, ಗಾಳಿ, ಜೊತೆಯ ಹೆಂಗಸರ ಮಾತು ಇವೆಲ್ಲ ಆಕೆಗೆ ಸಿಕ್ಕಿದ್ದು ಕೆಲಸದ ಜೊತೆ ಉಚಿತವಾಗಿ, ಅರಿಶಿನದ ಜೊತೆ ಕುಂಕುಮ ಕೊಟ್ಟ ಹಾಗೆ. ಕೆಲಸ ಹೋದಾಗ ಅವೂ ಹೋದವು. ಬಯಲಿಗೆ ಹೋಗುವ ಹಕ್ಕು ತನ್ನದು ಎಂದು ಯಾರೂ ಆಕೆಗೆ ಹೇಳಿರಲೇ ಇಲ್ಲ, ಆಕೆಯೂ ಅಂದುಕೊಂಡಿರಲಿಲ್ಲ. ನೆಪದ ಮೇಲೆ ನಿಂತ ಸಂತೋಷದ ತೊಂದರೆಯೇ ಇದು. ಮುಟ್ಟು ನಿಂತ ಮೇಲೆ ಹರಕೆಯ ನೆಪ, ಮಕ್ಕಳು ದೊಡ್ಡವರಾದ ಮೇಲೆ ಡಾಕ್ಟರ ನೆಪ, ಹೀಗೆ ಒಂದು ತೀರಿದರೆ ಇನ್ನೊಂದನ್ನು ಹುಡುಕುತ್ತಲೇ ಇರಬೇಕು. ಮಗಳಿಗೆ ಬಳೆ ಕೊಡಬಹುದು, ಸೀರೆ ಕೊಡಬಹುದು. ನೆಪವನ್ನು ಕೊಟ್ಟುಹೋಗಲಾಗುವುದಿಲ್ಲ. ಅವಳು ತನ್ನದನ್ನು ತಾನೇ ಹೊಸದಾಗಿ ಹೊಸೆದುಕೊಳ್ಳಬೇಕು.

ಇದನ್ನು ಓದುತ್ತಿರುವ ಕೆಲವರು ಇಷ್ಟು ಹೊತ್ತಿಗೆ ಮುಖ ಸಿಂಡರಿಸಿರಬಹುದು. ಹೊಟ್ಟೆ ತುಂಬಿದವರ ಮಾತು ಇದು, ಬೆಟ್ಟ ಸುತ್ತುವುದು ಶೋಕಿ ಎಂದು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದೇ ಪಾವಗಡದಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡು ಎಷ್ಟೋ ಜನರ ಹಲ್ಲು ಕೆಡಿಸಿದೆ, ಮೂಳೆ ಬಿಗಿದಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಕುಡಿಯಲು ತಕ್ಕುದಲ್ಲ ಎನ್ನುತ್ತಾರೆ. ಮಂಡಿ ಮಡಚಲಾರದವರಿಗೆ ಬೆಟ್ಟದ ಮಾತು ಯಾಕೆ? ಕುರಿ ಕಾಯುವವನು ಟೈರಿನ ಎಕ್ಕಡ ಮೆಟ್ಟಿ, ಹೆಗಲಿಗೊಂದು ಕರಿ ಕಂಬಳಿ ಹಾಕಿ, ನಾವು ಬೂಟು ಹಾಕಿ ಏರುವ ಗುಡ್ಡವನ್ನು ದಿನಕ್ಕೆರಡು ಸಲ ಏರಿ ಇಳಿಯುತ್ತಾನೆ. ಅವನ ಕಂಬಳಿಯೇ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕೂರಲು ಹಾಸು. ನನ್ನ ಅಂಗಡಿಯ ಮೂರು ಸಾಮಾನು ಮಾಡುವ ಕೆಲಸವನ್ನು ಅದೊಂದೇ ಮಾಡುತ್ತದೆ.

ಆದರೂ ಶೋಕಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಲು ಕುಂಟಾದವರಿಗೆ ಒಳ್ಳೆಯ ನೀರು ಬೇಕು ಎನ್ನುವುದೂ, ಕಾಲು ಗಟ್ಟಿಯಿರುವವಳಿಗೆ ನಡೆಯುವ ಸ್ವಾತಂತ್ರ್ಯ ಬೇಕು ಎನ್ನುವುದೂ ಒಂದನ್ನೊಂದು ಕಿತ್ತುಕೊಳ್ಳುವ ಮಾತುಗಳಲ್ಲ. ಶೋಕಿ ಎನ್ನುವವರು ಗಂಡಸರ ಇಸ್ಪೀಟಿಗೆ, ಟೀ ಅಂಗಡಿಯ ಹರಟೆಗೆ ಇದೇ ಲೆಕ್ಕ ಕೇಳುತ್ತಾರೆಯೆ? ಜಪಾನಿನ ಜುಂಕೊ ತಾಬೆಯಿ 1975ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಹೆಂಗಸು. ಆಗ ಅವರಿಗೆ ಪುಟ್ಟ ಮಗಳಿದ್ದಳು. ಮನೆಯಲ್ಲಿದ್ದು ಮಗು ನೋಡಿಕೊಳ್ಳಬಾರದೆ ಎಂಬ ಮಾತನ್ನು ಅವರೂ ಕೇಳಿದರು. ದುಡ್ಡಿಲ್ಲದೆ ಪಿಯಾನೊ ಪಾಠ ಹೇಳಿ, ಕಾರಿನ ಹಳೆಯ ಸೀಟಿನ ಹೊದಿಕೆಯಿಂದ ನೀರು ಹೀರದ ಕೈಗವಸು ಹೊಲಿದುಕೊಂಡು ಹೋದರು. ಅವರ ಕತೆಯಲ್ಲಿ ನನಗೆ ಶಿಖರಕ್ಕಿಂತ ಆ ಕೈಗವಸೇ ಹೆಚ್ಚು ನೆನಪಾಗುತ್ತದೆ. ಎಲ್ಲರಿಗೂ ಕಾಣುವಂತೆ ಕುಳಿತು ಹೊಲಿದ ಕೈಗವಸು ಅದು. ಅದರಲ್ಲಿ ನೆಪವಿರಲಿಲ್ಲ.

ಹಾಗೆಂದು ನನ್ನ ಅಂಗಡಿಗೆ ಬಂದವರಿಗೆ ಸತ್ಯ ಹೇಳಿ ಎಂದು ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಸತ್ಯಕ್ಕೆ ಬೆಲೆ ಕಟ್ಟಬೇಕಾದವರು ಅವರು, ನಾನಲ್ಲ. ಇನ್ನೂ ಒಂದು ಮಾತಿದೆ. ಸುಳ್ಳಿನ ಪಾಪವನ್ನು ಹೇಳಿದವಳ ತಲೆಗೇ ಪೂರ್ತಿ ಕಟ್ಟುವುದು ನ್ಯಾಯವಲ್ಲ. ಮನೆಯಲ್ಲಿ ಒಬ್ಬರನ್ನು ಮಾತ್ರ ಪ್ರತಿ ಸಲ ಯಾಕೆ ಎಂದು ಕೇಳಿ, ಸುಮ್ಮನೆ ಎಂಬ ಉತ್ತರವನ್ನು ಒಪ್ಪದೆ ಹೋದರೆ, ಆಮೇಲೆ ಬರುವ ಸುಳ್ಳಿನಲ್ಲಿ ಕೇಳಿದವರದೂ ಅರ್ಧ ಪಾಲಿದೆ. ನಾವೇ ನಾಳೆ ಅತ್ತೆಯಾಗುವವರು, ಈಗಾಗಲೇ ತಾಯಿಯಾಗಿರುವವರು. ಆ ಪಾಲು ನಮ್ಮ ಕಡೆಗೂ ಬರುತ್ತದೆ ಎಂಬುದನ್ನು ಮರೆಯಬಾರದು.

ನನ್ನ ಮಟ್ಟಿಗೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಯಾತಕ್ಕೆ ಎಂದು ಕೇಳುವುದಿಲ್ಲ, ಎಲ್ಲಿಗೆ ಎಂದು ಕೇಳುತ್ತೇನೆ. ಎಲ್ಲಿಗೆ ಎಂದು ತಿಳಿಯದೆ ಬೂಟು ಕೊಡಲು ಬರುವುದಿಲ್ಲ. ಸಿರಾ ಕಡೆಯ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ನೋಡುವುದಾದರೆ ಬೂಟೇ ಬೇಡ, ಚಪ್ಪಲಿ ಸಾಕು, ಆದರೆ ಸದ್ದು ಮಾಡಬೇಡಿ, ಊರಿನವರು ಅವನ್ನು ಮಕ್ಕಳಂತೆ ಕಾದಿದ್ದಾರೆ ಎನ್ನುತ್ತೇನೆ. ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿಗಾದರೆ ಟೋಪಿ, ನೀರು ಮುಖ್ಯ. ಸಿದ್ದರಬೆಟ್ಟಕ್ಕೆ ಕ್ಯಾನ್‌ವಾಸ್ ಬೂಟು ಧಾರಾಳವಾಯಿತು. ಮಧುಗಿರಿಯ ಬಂಡೆಗೆ ಮಾತ್ರ ಒಳ್ಳೆಯ ರಬ್ಬರಿನ ಅಟ್ಟೆ ಬೇಕು. ಮೋಡ ಕವಿದಿದ್ದರೆ ಇವತ್ತು ಹೋಗಬೇಡಿ ಎನ್ನುತ್ತೇನೆ. ಅದರಿಂದ ಒಂದೆರಡು ವ್ಯಾಪಾರ ತಪ್ಪಿವೆ, ತಪ್ಪಲಿ.

ವಿಚಿತ್ರವೆಂದರೆ, ಎಲ್ಲಿಗೆ ಎಂದು ಕೇಳಿದ ಕೂಡಲೇ ಡಾಕ್ಟರೂ ಹರಕೆಯೂ ಹಿಂದಕ್ಕೆ ಸರಿಯುತ್ತಾರೆ. ಹೆಂಗಸರ ಮುಖ ಅರಳುತ್ತದೆ. "ಕೋಟೆ ಬಾಗಿಲವರೆಗೆ ಒಂದ್ಸಲ ಹೋಗಿದ್ದೆ, ಈ ಸಲ ಮೇಲಿನವರೆಗೂ ಹೋಗೋಣ ಅಂತ" ಎನ್ನುತ್ತಾರೆ. ಆಗ ನಾನು ಬಿಲ್ಲು ಬರೆಯುತ್ತಾ ಒಂದು ಮಾತು ಸೇರಿಸುತ್ತೇನೆ: "ಹಾಲಿನ ಲೆಕ್ಕ ಬರೀತೀರಲ್ಲ ಆ ಕ್ಯಾಲೆಂಡರಿನ ಮೇಲೆ, ಅದೇ ಪೆನ್ನಲ್ಲಿ ಭಾನುವಾರದ ಮನೇಲಿ ಇದನ್ನೂ ಬರೆದು ಹೋಗಿ ಅಕ್ಕಾ. ಬೆಟ್ಟ, ಹನ್ನೊಂದಕ್ಕೆ ವಾಪಸ್ಸು ಅಂತ." ಕೆಲವರು ನಗುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೀತೀನಿ ಎನ್ನುತ್ತಾರೆ.