ಹಿಟ್ಟಿನ ಕೋಳಿ ಮತ್ತು ರೇಷ್ಮೆಯ ಗೂಡು

ಅಹಿಂಸೆಯನ್ನು ಕುರಿತು ನಮ್ಮ ನಾಡಿನ ಜೈನಕವಿಗಳು ಹೇಳಿದ ಕಥೆಗಳಲ್ಲಿ ಯಶೋಧರನ ಕಥೆಯಷ್ಟು ನಿಷ್ಠುರವಾದುದು ಇನ್ನೊಂದಿರಲಾರದು. ಸೋಮದೇವಸೂರಿಯು ಕ್ರಿ.ಶ. 959ರಲ್ಲಿ ಸಂಸ್ಕೃತದ ಯಶಸ್ತಿಲಕ ಚಂಪುವಿನಲ್ಲಿ ವಿಸ್ತರಿಸಿದ ಈ ಕಥೆಯನ್ನು ಜನ್ನಕವಿಯು 1209ರಲ್ಲಿ ಕನ್ನಡಕ್ಕೆ ಇಳಿಸಿ ಮನೆಮನೆಗೆ ತಲುಪಿಸಿದನು. ಯಶೋಧರ ರಾಜನು ಕೆಟ್ಟ ಕನಸು ಕಂಡೆನೆಂದು ತಾಯಿಗೆ ತಿಳಿಸುತ್ತಾನೆ. ಶಾಂತಿಗಾಗಿ ದೇವಿಗೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವನ್ನು ಕೊಲ್ಲಲು ಮಗನು ಒಪ್ಪುವುದಿಲ್ಲ; ತಾಯಿಯ ಮಾತನ್ನು ಮೀರಲೂ ಆರನು. ಕೊನೆಗೆ ಹಿಟ್ಟಿನಿಂದ ಮಾಡಿದ ಒಂದು ಕೋಳಿಯನ್ನು ಬಲಿ ಕೊಡುವುದೆಂದು ರಾಜಿಯಾಗುತ್ತದೆ. ಆ ಒಂದು ಏಟಿಗೆ ಪ್ರತಿಫಲವಾಗಿ ತಾಯಿ ಮಕ್ಕಳಿಬ್ಬರೂ ಅನೇಕ ತಿರ್ಯಂಚ ಜನ್ಮಗಳಲ್ಲಿ ಹುಟ್ಟಿ, ಕೊಲ್ಲಲ್ಪಟ್ಟು, ಬೇಯಿಸಲ್ಪಟ್ಟು ನವೆಯುತ್ತಾರೆ.

ಅಲ್ಲಿ ಸತ್ತದ್ದು ಹಿಟ್ಟು. ಆದರೂ ಪಾಪ ತಪ್ಪಲಿಲ್ಲ. ಏಕೆಂದರೆ ಕೊಲ್ಲುವ ಸಂಕಲ್ಪವಿತ್ತು. ಈ ಕಥೆಯನ್ನು ಬಾಲ್ಯದಿಂದಲೂ ಕೇಳಿ ಬೆಳೆದ ನಾವು, ಹಿಂಸೆಯ ಬೀಜವಿರುವುದು ಭಾವದಲ್ಲಿ ಎಂಬ ತತ್ತ್ವವನ್ನು ಚೆನ್ನಾಗಿ ಕಲಿತಿದ್ದೇವೆ. ಆದರೆ ಅದೇ ತತ್ತ್ವವನ್ನು ಮಗುಚಿ ನಮ್ಮ ಅನುಕೂಲಕ್ಕೆ ಬಳಸುವುದನ್ನೂ ಕಲಿತಿದ್ದೇವೆಯೇ ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. ಹಿಟ್ಟಿನ ಕೋಳಿಯಲ್ಲಿ ಸಂಕಲ್ಪವಿತ್ತು, ಜೀವವಿರಲಿಲ್ಲ. ನಾವು ಉಡುವ ರೇಷ್ಮೆಯಲ್ಲಿ ಸಾವಿರಾರು ಜೀವಗಳು ಹೋಗಿವೆ. ಸಂಕಲ್ಪ ಮಾತ್ರ ನಮ್ಮದಲ್ಲವೆನ್ನುತ್ತೇವೆ. ಈ ಸಮಾಧಾನವು ನಿಲ್ಲತಕ್ಕದ್ದೇ?

ನಾನು ಮುನಿಯಲ್ಲ, ಪಂಡಿತನೂ ಅಲ್ಲ, ಜವಳಿ ವ್ಯಾಪಾರಿ. ನಮ್ಮ ತಂದೆಯವರ ಅಂಗಡಿಯಲ್ಲಿ ರೇಷ್ಮೆ ಸೀರೆಯೇ ಲಾಭದ ಮುಖ್ಯ ಬಾಬತ್ತು. ಬಿ.ಕಾಂ. ಮುಗಿಸಿ ನಾನು ಗಾದಿಯ ಮೇಲೆ ಕುಳಿತ ಕೆಲವು ವರ್ಷಗಳಲ್ಲಿ, 1986ರ ಭಾದ್ರಪದ ಮಾಸದಲ್ಲಿ, ಮುಂಗಡ ಪಡೆದಿದ್ದ ನೇಕಾರರೊಬ್ಬರು ನೂಲು ಬರಲಿಲ್ಲವೆಂದು ಸೀರೆ ಒದಗಿಸದೆ ಹೋದರು. ನಿಜಾಂಶ ತಿಳಿಯಲು ಅವರ ಜೊತೆಯಲ್ಲೇ ಶಿಡ್ಲಘಟ್ಟದ ಕಡೆಯ ಒಂದು ನೂಲು ಬಿಚ್ಚುವ ಮನೆಗೆ ಹೋದೆ. ದಶಲಕ್ಷಣ ಪರ್ವದ ದಿನಗಳು, ನಾನು ಏಕಾಶನದಲ್ಲಿದ್ದೆ. ಬಾಗಿಲಲ್ಲೇ ಕುದಿನೀರಿನ ಹಬೆ, ಅದರೊಡನೆ ಮರೆಯಲಾಗದ ಒಂದು ದುರ್ವಾಸನೆ. ಒಳಗೆ ಕೆಲಸ ಮಾಡುತ್ತಿದ್ದ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಕಂಡು ಎದ್ದುಬಂದು, “ಒಳಗೆ ಬರಬೇಡಿ ಸಾಹುಕಾರ್ರೇ, ನೀವು ಜೈನ್ರು, ನಿಮ್ಮ ಕೈಲಿ ನೋಡೋಕಾಗಲ್ಲ” ಎಂದರು.

ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಮರ್ಯಾದೆಯಿತ್ತು. ಅದೇ ನನ್ನನ್ನು ನಾಚಿಸಿತು. ನೋಡಲಾಗದ ಕೆಲಸವನ್ನು ದಿನಗೂಲಿಗಾಗಿ ಮಾಡುವವರು ಅವರು. ಅದರ ಫಲವನ್ನು ಮಡಿಸಿ, ಪೆಟ್ಟಿಗೆಯಲ್ಲಿಟ್ಟು, ಮಂಗಳಕಾರ್ಯಕ್ಕೆಂದು ಮಾರುವವನು ನಾನು. ನನ್ನ ವ್ರತಕ್ಕೆ ಭಂಗ ಬಾರದಂತೆ ಕಾಪಾಡುವ ಹೊಣೆಯೂ ಅವರ ಮೇಲೆಯೇ ಬಿದ್ದಿತ್ತು.

ಆ ಮನೆಯೊಳಗೆ ನಡೆಯುವುದೇನೆಂಬುದನ್ನು ಉಡುವವರೆಲ್ಲರೂ ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಮೊಟ್ಟೆಯೊಡೆದ ಹುಳುವು ಸುಮಾರು ಇಪ್ಪತ್ತೈದು ದಿನ ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಬಾರಿ ಪೊರೆ ಬಿಟ್ಟು, ಹಣ್ಣಾಗುತ್ತದೆ. ಆಗ ರೈತರು ಅದನ್ನು ಚಂದ್ರಿಕೆಯ ಮೇಲೆ ಬಿಡುತ್ತಾರೆ. ಎರಡು ಮೂರು ದಿನಗಳಲ್ಲಿ ಅದು ತನ್ನ ಸುತ್ತ ಒಂದೇ ಎಳೆಯಿಂದ ಗೂಡು ನೇಯ್ದುಕೊಂಡು ಒಳಗೆ ಕೋಶಾವಸ್ಥೆಗೆ ಹೋಗುತ್ತದೆ. ಬಿಟ್ಟರೆ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ, ಗೂಡಿನ ತುದಿಯನ್ನು ನೆನೆಸಿ ತೂತು ಮಾಡಿಕೊಂಡು ಹೊರಬರುತ್ತದೆ. ಹಾಗೆ ಹೊರಬಂದರೆ ನೂರಾರು ಮೀಟರ್ ಉದ್ದದ ಎಳೆಯು ತುಂಡಾಗುತ್ತದೆ, ಬಿಚ್ಚಲು ಬಾರದು. ಆದಕಾರಣ ಪತಂಗವು ಹೊರಬರುವ ಮೊದಲೇ ಗೂಡುಗಳನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಜೀವವನ್ನು ಕೊಂದು, ಅನಂತರ ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ.

ವ್ಯಾಪಾರಿಯಾದುದರಿಂದ ನಾನು ಲೆಕ್ಕ ಹಾಕದೆ ಇರಲಾರೆ. ಒಂದು ಹಸಿಗೂಡಿನ ತೂಕ ಒಂದೂವರೆಯಿಂದ ಎರಡು ಗ್ರಾಂ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಎಂದರೆ ಕಿಲೋ ಒಂದಕ್ಕೆ ಮೂರೂವರೆ ನಾಲ್ಕು ಸಾವಿರ ಗೂಡು. ಅರ್ಧ ಕಿಲೋ ರೇಷ್ಮೆಯಿರುವ ಒಂದು ಧಾರೆ ಸೀರೆಗೆ ಹೆಚ್ಚುಕಡಿಮೆ ಎರಡು ಸಾವಿರ ಜೀವ. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಮತ್ತೆ ಅದೇ ಜಲಕ್ಕೆ ಬಿಟ್ಟು ಬರುವ ಜೀವಾಣಿಯ ಕ್ರಮವನ್ನು ಕಲಿಸಿದ ಮನೆಗಳಲ್ಲಿಯೇ ಈ ಎರಡು ಸಾವಿರವು ಯಾವ ಖಾತೆಗೂ ಬಾರದೆ ಉಳಿದುಬಿಟ್ಟಿದೆ.

ಈಗ ಧರ್ಮದ ವಿಚಾರಕ್ಕೆ ಬರೋಣ. ಗೃಹಸ್ಥನ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಮುನಿಗಳು ನಾಲ್ಕನ್ನೂ ತ್ಯಜಿಸುತ್ತಾರೆ. ಶ್ರಾವಕನು ಎರಡು ಇಂದ್ರಿಯಗಳಿಂದ ಮೇಲ್ಪಟ್ಟ ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನಾದರೂ ಪೂರ್ತಿಯಾಗಿ ಬಿಡಬೇಕು. ರೇಷ್ಮೆಯ ಜೀವವು ತ್ರಸಜೀವಿ ಎಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಇದು ಯಾವ ಬಗೆಯ ಹಿಂಸೆ ಎಂಬಲ್ಲಿ. ಇದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯ ಎಂದು ನಾನೂ ಬಹುಕಾಲ ವಾದಿಸುತ್ತಿದ್ದೆ. ರೈತನು ಉಳುವಾಗ ಹುಳುಗಳು ಸಾಯುವುದಿಲ್ಲವೇ ಎಂಬುದು ನನ್ನ ಮುಖ್ಯ ಆಧಾರವಾಗಿತ್ತು.

ಆದರೆ ಈ ಹೋಲಿಕೆಯನ್ನು ನಮ್ಮ ಶ್ರಾವಕಾಚಾರ ಗ್ರಂಥಗಳೇ ಪರೀಕ್ಷಿಸಿವೆ. ಬಲೆ ಬೀಸಿ ಕುಳಿತವನು ಒಂದು ಮೀನನ್ನೂ ಹಿಡಿಯದಿದ್ದರೂ ಹಿಂಸಕನು. ನೇಗಿಲ ಕೆಳಗೆ ಜೀವಗಳು ಸತ್ತರೂ ಕೃಷಿಕನು ಹಾಗಲ್ಲ ಎಂಬ ವಿವೇಚನೆ ಅಲ್ಲಿದೆ. ಇದನ್ನು ಬಹಳ ದಿನ ಚಿಂತಿಸಿದ ಮೇಲೆ ನನಗೆ ಒಂದು ಸರಳ ಒರೆಗಲ್ಲು ದೊರೆಯಿತು: ಜೀವವು ಉಳಿದುಕೊಂಡರೆ ಕೆಲಸವು ಕೆಡುವುದೇ? ಉಳುವ ಹೊಲದಲ್ಲಿ ಒಂದು ಎರೆಹುಳುವೂ ಸಾಯದೆ ಉಳಿದರೆ ರೈತನಿಗೆ ನಷ್ಟವಿಲ್ಲ, ಲಾಭವೇ. ಅಲ್ಲಿ ಮರಣವು ಕೆಲಸದ ಬದಿಯಲ್ಲಿ ನಡೆದುಹೋಗುವುದು. ಗೂಡಿನೊಳಗಿನ ಜೀವವು ಉಳಿದರೆ ಮಾತ್ರ ನೂಲೇ ಇಲ್ಲ. ಇಲ್ಲಿ ಮರಣವು ಕೆಲಸದ ಒಂದು ಮೆಟ್ಟಿಲು. ಯಾವ ಕೆಲಸವು ಮರಣವಿಲ್ಲದೆ ಪೂರ್ಣವಾಗುವುದಿಲ್ಲವೋ ಅದನ್ನು ಬಯಸುವವನು ಆ ಮರಣವನ್ನು ಬಯಸಿಲ್ಲವೆಂದು ಹೇಳುವುದು ಹೇಗೆ?

ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮಾದವನ್ನು ಜೋಡಿಸಿದ್ದಾರೆ. ತಿಳಿಯದೆ ಉಟ್ಟದ್ದು ಅಜ್ಞಾನ. ತಿಳಿದ ಮೇಲೆ ಮುಖ ತಿರುಗಿಸಿಕೊಂಡು ಉಡುವುದು ಪ್ರಮಾದ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಲ್ಲಿ ಮೊದಲನೆಯದನ್ನು ಮುಚ್ಚಿ, ಹಣ ಕೊಟ್ಟು ಎರಡನೆಯದನ್ನೂ, ಹೊಗಳಿ ಮೂರನೆಯದನ್ನೂ ತೆರೆದಿಟ್ಟರೆ ಕರ್ಮವು ಒಳಗೆ ಬಾರದೆ ಇದ್ದೀತೇ? ಇನ್ನೊಂದು ಮಾತು. ಶ್ರಾವಕನು ಬಿಡಬೇಕಾದ ಹದಿನೈದು ವ್ಯಾಪಾರಗಳ ಪಟ್ಟಿಯಲ್ಲಿ ಅರಗಿನ ವ್ಯಾಪಾರವೂ ಇದೆ. ಅರಗು ಸಹ ಕೀಟದಿಂದಲೇ ಬರುವ ಪದಾರ್ಥ. ರೇಷ್ಮೆಯ ಹೆಸರು ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಅರಗಿಗೆ ಹೇಳಿದ ನ್ಯಾಯವು ರೇಷ್ಮೆಗೆ ಸಲ್ಲದೆಂದು ಹೇಳಲು ನನಗಂತೂ ಕಾರಣ ಕಾಣದು.

ಈ ಬಗೆಯ ವಿಚಾರ ನಮ್ಮವರಲ್ಲಿ ಮಾತ್ರ ಹುಟ್ಟಿದ್ದಲ್ಲ. ರೇಷ್ಮೆಗೆ ಹೆಸರಾದ ಕಾಂಚೀಪುರದಲ್ಲಿಯೇ ಪೀಠಾಧಿಪತಿಗಳಾಗಿದ್ದ ಶ್ರೀ ಚಂದ್ರಶೇಖರೇಂದ್ರ ಸರಸ್ವತೀ ಸ್ವಾಮಿಗಳು, ಜೀವಹತ್ಯೆಯಿಂದ ಬರುವ ರೇಷ್ಮೆಯನ್ನು ಬಿಡುವಂತೆ ತಮ್ಮ ಶಿಷ್ಯರಿಗೆ ಉಪದೇಶಿಸುತ್ತಿದ್ದರು. ಪುಣೆಯಲ್ಲಿ 1974ರಲ್ಲಿ ಆರಂಭವಾದ ಬ್ಯೂಟಿ ವಿದೌಟ್ ಕ್ರುಯೆಲ್ಟಿ ಸಂಸ್ಥೆಯ ಭಾರತ ಶಾಖೆಯು ಇದೇ ವಿಷಯದಲ್ಲಿ ಜನಜಾಗೃತಿ ಮಾಡುತ್ತ ಬಂದಿದೆ. ಆರ್. ವೆಂಕಟರಾಮನ್ ಅವರು ರಾಷ್ಟ್ರಪತಿಗಳಾಗಿದ್ದ 1987-92ರ ಅವಧಿಯಲ್ಲಿ ಅವರ ಪತ್ನಿ ಶ್ರೀಮತಿ ಜಾನಕಿಯವರು, ಹುಳುವನ್ನು ಕೊಲ್ಲದೆ ನೇಯ್ದ ರೇಷ್ಮೆ ಸಿಗುವುದೇ ಎಂದು ವಿಚಾರಿಸಿದರಂತೆ. ಹೈದರಾಬಾದಿನಲ್ಲಿ ಕೈಮಗ್ಗ ಕ್ಷೇತ್ರದ ಅಧಿಕಾರಿಯಾಗಿದ್ದ ಕುಸುಮ ರಾಜಯ್ಯನವರನ್ನು ಆ ಪ್ರಶ್ನೆಯು ಬಿಡಲಿಲ್ಲ. ಪತಂಗವು ಹೊರಟುಹೋದ ಮೇಲೆ ಉಳಿದ ತೂತುಬಿದ್ದ ಗೂಡನ್ನು ಹತ್ತಿಯಂತೆ ನೂತು ಬಟ್ಟೆ ಮಾಡುವ ವಿಧಾನವನ್ನು ಅವರು ರೂಪಿಸಿ, ಅದಕ್ಕೆ ‘ಅಹಿಂಸಾ ರೇಷ್ಮೆ’ ಎಂದು ಹೆಸರಿಟ್ಟರು. ಹೊಳಪು ಕಡಿಮೆ, ಬೆಲೆ ಹೆಚ್ಚು, ನೇಯ್ಗೆ ನಿಧಾನ. ಆದರೂ ಒಬ್ಬ ಸರ್ಕಾರಿ ನೌಕರನು ಒಂದು ಪ್ರಶ್ನೆಯ ಬೆನ್ನುಹತ್ತಿ ಇಷ್ಟು ಮಾಡಿದುದು ವಂದನೀಯ.

ಆದರೆ ಹೆಸರನ್ನು ನೋಡಿ ನಾವು ನೆಮ್ಮದಿಯಾಗಿ ಮಲಗುವಂತಿಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಈ ಪತಂಗಕ್ಕೆ ರೆಕ್ಕೆಯಿದ್ದರೂ ಹಾರಲು ಬಾರದು. ಅದು ಆಹಾರವನ್ನೂ ತಿನ್ನದು. ಕೆಲವೇ ದಿನ ಬದುಕಿ ನಾಲ್ಕೈದು ನೂರು ಮೊಟ್ಟೆಯಿಟ್ಟು ಸಾಯುತ್ತದೆ. ಆ ಮೊಟ್ಟೆಗಳೆಲ್ಲ ಒಡೆದರೆ ಸೊಪ್ಪು ಎಲ್ಲಿಂದ ತರುವುದು? ಇನ್ನು ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ, ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲು ತಾಯಿಪತಂಗವನ್ನೇ ಅರೆಯುತ್ತಾರೆ. ಹರಳೆಲೆ ತಿನ್ನುವ ಅಸ್ಸಾಮಿನ ಏರಿ ರೇಷ್ಮೆಯ ಗೂಡು ಒಂದು ಕಡೆ ತೆರೆದಿರುವುದರಿಂದ ಕೊಲ್ಲದೆಯೇ ನೂಲಬಹುದು. ಆದರೆ ಅಲ್ಲಿ ಕೋಶವನ್ನು ಆಹಾರವಾಗಿ ತಿನ್ನುವ ರೂಢಿಯೂ ಇದೆ. ಆದ್ದರಿಂದ ಅಹಿಂಸಾ ರೇಷ್ಮೆಯನ್ನು ಹಿಂಸೆಯ ಅಲ್ಪೀಕರಣವೆನ್ನಬಹುದೇ ಹೊರತು ಅಭಾವವೆನ್ನಲಾಗದು. ಕೊಳ್ಳುವವರು ಹೆಸರನ್ನು ನಂಬದೆ, ಪ್ರಶ್ನಿಸಿ ಕೊಳ್ಳಬೇಕು.

ಹತ್ತಿಯೇನು ನಿರ್ದೋಷಿಯೇ ಎಂದು ಕೇಳುವವರುಂಟು. ಅಲ್ಲ, ಹತ್ತಿಯ ಹೊಲಗಳಿಗೆ ಸುರಿಯುವ ಕೀಟನಾಶಕ ಅಲ್ಪವಲ್ಲ. ಆದರೆ ಹತ್ತಿಗೆ ಕೀಟದ ಮರಣವು ಸ್ವಭಾವತಃ ಬೇಕಿಲ್ಲ. ಮಳೆಯಾಶ್ರಯದಲ್ಲಿ ಬೆಳೆವ ಧಾರವಾಡ ಸೀಮೆಯ ಜಯಧರ್ ತಳಿಯಂಥ ನಾಡಹತ್ತಿಯನ್ನು, ಖಾದಿಯನ್ನು ಆರಿಸಿಕೊಳ್ಳುವ ದಾರಿ ತೆರೆದೇ ಇದೆ. ನಮ್ಮ ಮುನಿಗಳ ಪಿಂಛಿಯನ್ನು ನೆನೆಯೋಣ. ಅದು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದುದು. ಪ್ರಕೃತಿಯಿಂದ ಪಡೆಯುವುದಕ್ಕೆ ನಮ್ಮ ಪರಂಪರೆ ಕೊಟ್ಟ ಮಾದರಿ ಇದು: ಕಿತ್ತದ್ದನ್ನಲ್ಲ, ಉದುರಿದ್ದನ್ನು ತೆಗೆದುಕೊಳ್ಳುವುದು.

ಇಷ್ಟು ಬರೆದವನು ತಾನೇನು ಮಾಡಿದನೆಂದು ವಾಚಕರು ಕೇಳುವುದು ನ್ಯಾಯ. ಆ ತಾಯಿಯ ಮಾತನ್ನು ಕೇಳಿದ ಮೇಲೂ ನಾನು ಹದಿನೆಂಟು ವರ್ಷ ರೇಷ್ಮೆ ಮಾರಿದೆ. ತಂದೆಯವರ ಕಾಲ, ಸಾಲ, ತಂಗಿಯರ ಮದುವೆ ಎಂದು ಒಂದೊಂದು ವರ್ಷಕ್ಕೆ ಒಂದೊಂದು ಕಾರಣ ದೊರೆಯುತ್ತಿತ್ತು. 2004ರಲ್ಲಿ ಹೊಸ ದಾಸ್ತಾನು ತರಿಸುವುದನ್ನು ನಿಲ್ಲಿಸಿದೆ. ಮುಂದಿನ ಮೂರು ವರ್ಷ ಅಂಗಡಿಯ ಲಾಭ ಅರ್ಧಕ್ಕಿಳಿಯಿತು. ಮಗನು ನನ್ನೊಡನೆ ಮಾತು ಕಡಿಮೆ ಮಾಡಿದ್ದೂ ಉಂಟು. ಉಳಿದಿದ್ದ ದಾಸ್ತಾನನ್ನು ಮಾತ್ರ ಮಾರಿಯೇ ಮುಗಿಸಿದೆ. ಹೋದ ಜೀವ ಮರಳಿ ಬಾರದೆಂದು ಆಗ ಸಮಾಧಾನ ಹೇಳಿಕೊಂಡೆ. ಲೆಕ್ಕದ ಪುಸ್ತಕದಲ್ಲಿ ಅದು ಸರಿಯಾಗಿಯೇ ಇದೆ; ಮನಸ್ಸಿನಲ್ಲಿ ಇಂದಿಗೂ ತಾಳೆಯಾಗಿಲ್ಲ.

ನಮ್ಮ ಊರ ಬಸದಿಯ ಟ್ರಸ್ಟಿನ ಸಭೆಯಲ್ಲಿ ಪೂಜಾವಸ್ತ್ರಕ್ಕೂ ಸನ್ಮಾನದ ಶಾಲು ಪೇಟಗಳಿಗೂ ರೇಷ್ಮೆ ಬೇಡವೆಂದು ಸೂಚಿಸಿದಾಗ, ಹಿರಿಯರೊಬ್ಬರು ರೇಷ್ಮೆಗೆ ಮೈಲಿಗೆಯಿಲ್ಲವೆಂದು ಆಕ್ಷೇಪಿಸಿದರು. ಒಗೆದು ಒಣಗಿಸಿದ ಹತ್ತಿಯ ಧೋತ್ರಕ್ಕಿಂತ ಎರಡು ಸಾವಿರ ಮರಣಗಳನ್ನು ಹೊತ್ತ ವಸ್ತ್ರವು ಜಿನಬಿಂಬದ ಮುಂದೆ ಹೇಗೆ ಶುಚಿಯಾದೀತೆಂದು ನಾನು ಕೈಮುಗಿದು ಕೇಳಿದೆ. ಹೊಸದಾಗಿ ಕೊಳ್ಳುವುದೆಲ್ಲ ಹತ್ತಿಯದೇ ಆಗಲಿ, ಇರುವುದನ್ನು ಬಲವಂತವಾಗಿ ಬಿಡಿಸುವುದು ಬೇಡ ಎಂದು ಸಭೆ ನಿರ್ಣಯಿಸಿತು. ಆ ಹಿರಿಯರು ತಮ್ಮ ಹಳೆಯ ಮಡಿಯಲ್ಲಿಯೇ ಇಂದಿಗೂ ಪೂಜೆಗೆ ಬರುತ್ತಾರೆ. ನಾನು ಅವರ ಪಕ್ಕದಲ್ಲಿಯೇ ನಿಲ್ಲುತ್ತೇನೆ. ನನ್ನ ಮನೆಯ ಪೆಟ್ಟಿಗೆಯಲ್ಲಿಯೂ ಶ್ರೀಮತಿಯವರ ಧಾರೆಯ ಸೀರೆ ಇದೆ.

ಇತರ ಟ್ರಸ್ಟುಗಳೂ ಇಷ್ಟನ್ನಾದರೂ ವಿಚಾರಿಸಲಿ, ಮದುವೆಯ ಜವಳಿ ತೆಗೆಯುವ ದಿನ ಮನೆಯವರೆಲ್ಲ ಕುಳಿತು ಈ ಲೆಕ್ಕವನ್ನೊಮ್ಮೆ ಹಾಕಲಿ ಎಂಬುದು ನನ್ನ ವಿನಂತಿ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ರೈತರನ್ನಾಗಲಿ ಕೂಲಿಕಾರರನ್ನಾಗಲಿ ಯಾರೂ ಹಳಿಯಬಾರದು. ಅವರು ಮಾಡುವುದು ನಮ್ಮ ಬೇಡಿಕೆಯ ಕೆಲಸ. ಬೇಡಿಕೆಯನ್ನು ಬದಲಿಸುವವರು ನೇಕಾರರ ಮಗ್ಗ ನಿಲ್ಲದಂತೆ ಕೈಮಗ್ಗದ ಹತ್ತಿಗೆ ತಕ್ಕ ಬೆಲೆ ಕೊಡಲೂ ಸಿದ್ಧರಿರಬೇಕು. ಕರುಣೆಯ ಖರ್ಚನ್ನು ಬಡವರ ಖಾತೆಗೆ ಬರೆಯುವುದೂ ಹಿಂಸೆಯೇ.

ಆ ದಿನ ಬಾಗಿಲಲ್ಲಿ ನನ್ನನ್ನು ತಡೆದ ತಾಯಿ ಈಗ ಇರಲಾರರು. ನೋಡಲಾಗದ್ದನ್ನು ಕೊಳ್ಳಬಾರದು ಎಂಬ ಪಾಠವನ್ನು ನಾನು ಕಲಿತದ್ದು ಅವರಿಂದ.